ಕಣ್ಣೊಳಗಿನ ನೇರಳೆ

ನೇರಳೆ ಬಣ್ಣದ ಕೋಸು, ಕಡು ನೇರಳೆ ಬದನೆ, ನೇರಳೆ ಹಣ್ಣು ಇವುಗಳನ್ನು ತಿಂದರೆ ಮಕ್ಕಳ ದೃಷ್ಟಿ ಚುರುಕಾಗುತ್ತದೆ, ಕನ್ನಡಕದ ಹಂಗು ತಪ್ಪುತ್ತದೆ ಎಂಬ ಮಾತು ಈಚೆಗೆ ಅನೇಕ ಮನೆಗಳಲ್ಲಿ ಕೇಳಿಬರುತ್ತಿದೆ. ಅದೇ ಮಾತನ್ನು ಬಂಡವಾಳ ಮಾಡಿಕೊಂಡು ಪುಡಿ, ಮಾತ್ರೆಗಳನ್ನು ಮಾರುವವರೂ ಇದ್ದಾರೆ. ಇದರಲ್ಲಿ ನಿಜವೆಷ್ಟು, ಬೆರಕೆಯೆಷ್ಟು ಎಂಬುದನ್ನು ಹೆತ್ತವರು ತಿಳಿದಿರುವುದು ಒಳಿತು.

ಈ ತರಕಾರಿಗಳಿಗೆ ಬಣ್ಣ ಕೊಡುವ ವಸ್ತುವಿಗೆ ಆಂಥೋಸಯಾನಿನ್ ಎಂದು ಹೆಸರು. ನೀರಿನಲ್ಲಿ ಕರಗುವ ಇದು ಸಸ್ಯಕೋಶದ ರಸದಲ್ಲಿ ಸೇರಿಕೊಂಡಿರುತ್ತದೆ. ಬದನೆಯಲ್ಲಿ ಅದು ಇರುವುದು ಸಿಪ್ಪೆಯಲ್ಲಿ. ಪುನರ್ಪುಳಿಯ ಕೆಂಪು ಕೂಡ ಇದೇ ವರ್ಗದ್ದು. ನೇರಳೆ ಕೋಸನ್ನು ಬೇಯಿಸಿದ ನೀರಿಗೆ ಲಿಂಬೆರಸ ಹಿಂಡಿದರೆ ಅದು ಕೆಂಪಾಗುತ್ತದೆ, ಅಡುಗೆ ಸೋಡಾ ಹಾಕಿದರೆ ನೀಲಿ-ಹಸುರಾಗುತ್ತದೆ. ಆಮ್ಲ ಪ್ರತ್ಯಾಮ್ಲಗಳ ಪಾಠವನ್ನು ಮಕ್ಕಳು ಅಡುಗೆಮನೆಯಲ್ಲೇ ಕಲಿಯಬಹುದು. ಬೀಟ್‌ರೂಟ್ ಮತ್ತು ಕೆಂಪು ಹರಿವೆಯ ಬಣ್ಣ ಮಾತ್ರ ಬೀಟಲೈನ್ ಎಂಬ ಬೇರೆಯೇ ವರ್ಗಕ್ಕೆ ಸೇರಿದುದು.

ಆಂಥೋಸಯಾನಿನ್‌ಗೂ ಕಣ್ಣಿಗೂ ನಂಟು ಕಲ್ಪಿಸಿದ ಪ್ರಸಿದ್ಧ ಕತೆಯೊಂದುಂಟು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ವಿಮಾನಚಾಲಕರು ಬಿಲ್‌ಬೆರಿ ಎಂಬ ಕಡುನೀಲಿ ಹಣ್ಣಿನ ಜಾಮ್ ತಿಂದು ಕತ್ತಲಲ್ಲೂ ಗುರಿ ಕಾಣುತ್ತಿದ್ದರೆಂಬುದು ಆ ಕತೆ. ಮುಂದೆ ವಿಜ್ಞಾನಿಗಳು ಇದನ್ನು ಪರೀಕ್ಷೆಗೆ ಒಡ್ಡಿದರು. ಅಂಥ ಪ್ರಯೋಗಗಳನ್ನೆಲ್ಲ ಒಟ್ಟಾಗಿ ಪರಿಶೀಲಿಸಿದ 2004ರ ವಿಮರ್ಶೆಯೊಂದು, ಕಟ್ಟುನಿಟ್ಟಾಗಿ ನಡೆದ ಪ್ರಯೋಗಗಳಲ್ಲಿ ಆರೋಗ್ಯವಂತರ ಇರುಳುನೋಟ ಸುಧಾರಿಸಿದ್ದಕ್ಕೆ ಆಧಾರ ಕಾಣಲಿಲ್ಲವೆಂದು ತಿಳಿಸಿತು. ಪ್ರಯೋಗಶಾಲೆಯ ನಳಿಗೆಯಲ್ಲಿ ಈ ಬಣ್ಣ ಜೀವಕೋಶಗಳಿಗೆ ರಕ್ಷಣೆ ನೀಡುವುದುಂಟು. ಅಷ್ಟರಿಂದಲೇ ತಿಂದವರ ಕಣ್ಣಿನಲ್ಲೂ ಅದು ಹಾಗೆಯೇ ನಡೆಯುವುದೆಂದು ಹೇಳಲಾಗದು.

ವಿಚಿತ್ರವೆಂದರೆ, ಕಣ್ಣಿನೊಳಗೇ ಒಂದು ನೇರಳೆ ಬಣ್ಣವಿದೆ. 1876ರಲ್ಲಿ ಫ್ರಾಂಜ್ ಬೋಲ್ ಎಂಬ ಜರ್ಮನ್ ವಿಜ್ಞಾನಿ ಕಪ್ಪೆಯ ಅಕ್ಷಿಪಟಲದಲ್ಲಿ ಬೆಳಕು ಬಿದ್ದೊಡನೆ ಮಾಸುವ ಕೆಂಪು ವರ್ಣವನ್ನು ಕಂಡನು. ಮುಂದೆ ಕ್ಯೂನೆ ಎಂಬಾತ ಅದನ್ನು ‘ದೃಷ್ಟಿಯ ನೇರಳೆ’ ಎಂದು ಕರೆದನು. ಇಂದಿನ ಹೆಸರು ರೊಡಾಪ್ಸಿನ್. ಮಂದಬೆಳಕಿನಲ್ಲಿ ನಮಗೆ ಕಾಣುವುದು ಇದರಿಂದಲೇ. ಆದರೆ ಇದರ ನಿರ್ಮಾಣಕ್ಕೆ ಬೇಕಾದದ್ದು ಬದನೆಯ ಬಣ್ಣವಲ್ಲ, ಎ ಜೀವಸತ್ವ. ಅಕ್ಷಿಪಟಲದಲ್ಲಿ ಆ ಜೀವಸತ್ವವನ್ನು ಗುರುತಿಸಿ, ನೋಟದಲ್ಲಿ ಅದರ ಪಾತ್ರವನ್ನು ಬಿಡಿಸಿದ ಜಾರ್ಜ್ ವಾಲ್ಡ್ 1967ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಎ ಜೀವಸತ್ವ ಕಡಿಮೆಯಾದ ಮಗುವಿಗೆ ಮೊದಲು ಇರುಳುಗುರುಡು ಬರುತ್ತದೆ; ಕೊರತೆ ಮುಂದುವರಿದರೆ ಕಣ್ಣಿನ ಪಾರದರ್ಶಕ ಪಟಲವೇ ಹಾಳಾಗಿ ದೃಷ್ಟಿ ಶಾಶ್ವತವಾಗಿ ಹೋಗಬಹುದು.

ಈ ಜೀವಸತ್ವ ದೊರೆಯುವುದು ನುಗ್ಗೆಸೊಪ್ಪು, ಹರಿವೆ, ಬಸಳೆ, ಸಿಹಿಗುಂಬಳ, ಪಪ್ಪಾಯಿ, ಮಾವು, ಕ್ಯಾರೆಟ್‌ಗಳ ಕಿತ್ತಳೆ ಬಣ್ಣದ ಕ್ಯಾರೊಟೀನ್‌ನಿಂದ. ಸೊಪ್ಪಿನಲ್ಲಿ ಆ ಕಿತ್ತಳೆ ಹಸುರಿನ ಮರೆಯಲ್ಲಿರುತ್ತದೆ. ಕೆಂಪು ಹರಿವೆ ಕಣ್ಣಿಗೆ ಹಿತವಾಗುವುದು ಅದರ ಕೆಂಪಿನಿಂದಲ್ಲ, ಈ ಅಡಗಿರುವ ಕಿತ್ತಳೆಯಿಂದ. ಕ್ಯಾರೊಟೀನ್ ಮೈಗೆ ಹತ್ತಲು ಕೊಂಚ ಎಣ್ಣೆ ಬೇಕು. ಪಲ್ಯದ ಒಗ್ಗರಣೆ ಅಷ್ಟಕ್ಕೆ ಸಾಕು. ಹಾಲು, ಮೊಟ್ಟೆ, ಮೀನುಗಳಲ್ಲಿ ಜೀವಸತ್ವ ನೇರವಾಗಿಯೇ ಇದೆ. ಎಳೆಯ ಮಕ್ಕಳಿಗೆ ಸರಕಾರದ ವತಿಯಿಂದ ಕೊಡುವ ಎ ಜೀವಸತ್ವದ ಹನಿಗಳನ್ನು ತಪ್ಪಿಸಬಾರದು. ಹಾಗೆಯೇ ವೈದ್ಯರನ್ನು ಕೇಳದೆ ಅದರ ಮಾತ್ರೆಗಳನ್ನು ನುಂಗಿಸಲೂಬಾರದು. ಅತಿಯಾದರೆ ಅದು ವಿಷವೇ.

ಕರಿಹಲಗೆಯ ಅಕ್ಷರ ಮಸುಕಾಗಿ ಕಾಣುವುದು ಬೇರೆ ಸಮಸ್ಯೆ. ಕಣ್ಣುಗುಡ್ಡೆಯ ಉದ್ದ ಹೆಚ್ಚಾದುದರಿಂದ ಬರುವ ಸಮೀಪದೃಷ್ಟಿಯನ್ನು ನೇರಳೆ ತರಕಾರಿಯೂ ನೀಗದು, ಕಿತ್ತಳೆ ತರಕಾರಿಯೂ ನೀಗದು. ಅದಕ್ಕೆ ಬೇಕಾದದ್ದು ತಪಾಸಣೆ ಮತ್ತು ಕನ್ನಡಕ. ಪುಡಿಯನ್ನು ನಂಬಿ ಒಂದು ವರ್ಷ ಕಳೆದರೆ ಮಗು ಆ ವರ್ಷದ ಪಾಠವನ್ನು ಕಳೆದುಕೊಂಡಂತೆ. ದಡ್ಡನೆಂಬ ಹೆಸರು ಬೇರೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ದೃಷ್ಟಿದೋಷದ ತಪಾಸಣೆಯೂ ಸೇರಿದೆ. ತಪಾಸಣೆಯ ಚೀಟಿ ಮಲಯಾಳದಲ್ಲಿದ್ದರೆ ಅದನ್ನು ಪೆಟ್ಟಿಗೆಗೆ ಸೇರಿಸದೆ, ಬಲ್ಲವರಿಂದ ಓದಿಸಿಕೊಳ್ಳಬೇಕು.

ಸುಳ್ಳು ಭರವಸೆಗೆ ಕಾನೂನಿನ ತಡೆಯೂ ಇದೆ. ಅಂಧತ್ವ, ಕಣ್ಣಿನ ಪೊರೆ, ಗ್ಲಾಕೋಮಾಗಳನ್ನು ಗುಣಪಡಿಸುವುದಾಗಿ ಔಷಧದ ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆ ನಿಷೇಧಿಸುತ್ತದೆ. ಆಹಾರವೆಂಬ ಹೆಸರಿನಲ್ಲಿ ಮಾರಿದರೂ ತಪ್ಪಿಸಿಕೊಳ್ಳುವಂತಿಲ್ಲ. ದಾರಿತಪ್ಪಿಸುವ ಜಾಹೀರಾತಿಗೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ 53ನೆಯ ಕಲಮಿನಂತೆ 10 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಪೊಟ್ಟಣ ಮತ್ತು ರಶೀದಿಯನ್ನು ಉಳಿಸಿಕೊಂಡವರ ದೂರಿಗೆ ಬಲ ಹೆಚ್ಚು.

ಬದನೆಯೂ ಕೋಸೂ ಒಳ್ಳೆಯ ಆಹಾರವೇ; ತಟ್ಟೆಯಲ್ಲಿ ಅವು ಇರಲಿ. ಅವುಗಳ ಪಕ್ಕದಲ್ಲಿ ಒಂದು ಹಿಡಿ ನುಗ್ಗೆಸೊಪ್ಪಿನ ಪಲ್ಯವೂ ಇರಲಿ. ಮಗು ಪುಸ್ತಕವನ್ನು ಮೂಗಿಗೆ ತಾಗಿಸಿ ಓದುತ್ತಿದ್ದರೆ, ಮುಸ್ಸಂಜೆಯಲ್ಲಿ ಅಂಗಳದ ಮೆಟ್ಟಿಲು ಕಾಣದೆ ಎಡವುತ್ತಿದ್ದರೆ, ಅಂಗಡಿಗೆ ಹೋಗುವ ಮೊದಲು ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು.