ಔಷಧಿಯ ಜೊತೆ ಅವಮಾನವನ್ನೂ ನುಂಗಬೇಕೆ?

ಕಳೆದ ಮಳೆಗಾಲದಲ್ಲಿ ನನ್ನ ತಾಯಿಯ ಕಾಲಿನ ಬೆರಳಿಗೆ ಸಣ್ಣ ಗಾಯವಾಯಿತು. ಸಕ್ಕರೆ ಕಾಯಿಲೆಯವರಿಗೆ ಸಣ್ಣ ಗಾಯವೆಂಬುದಿಲ್ಲ ಎಂದು ತಿಳಿದಿದ್ದರಿಂದ ಮರುದಿನವೇ ನಮ್ಮ ಭಾಗದ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆ. ಅದರ ಹೆಸರು ಇಲ್ಲಿ ಅಗತ್ಯವಿಲ್ಲ. ರೋಣ, ನರಗುಂದ, ಗಜೇಂದ್ರಗಡದ ಯಾವ ಓದುಗರಾದರೂ ಇದನ್ನು ತಮಗೆ ಗೊತ್ತಿರುವ ಆಸ್ಪತ್ರೆಯ ಕಥೆ ಎಂದೇ ಓದಿಕೊಳ್ಳುವರು.

ಬೆಳಿಗ್ಗೆ ಎಂಟಕ್ಕೆ ಸಾಲಿನಲ್ಲಿ ನಿಂತೆವು. ಚೀಟಿ ಕೊಡುವ ಕಿಟಕಿಯ ಬಳಿ ತಾಯಿ ಗೋಡೆಗೆ ಒರಗಿದಾಗ ಒಳಗಿನಿಂದ ಒಂದು ಧ್ವನಿ ಬಂತು: “ಏ ಮುದುಕಿ, ಆಕಡೆ ಸರಿ.” ಹಾಗೆ ಕೂಗಿದವನು ನನ್ನ ಶಿಷ್ಯರ ವಯಸ್ಸಿನವನು. ವೈದ್ಯರು ಬಂದಾಗ ಹನ್ನೊಂದೂವರೆ. ಅವರು ಗಾಯವನ್ನು ನೋಡಿದರು, ಔಷಧಿಯನ್ನೂ ಸರಿಯಾಗಿಯೇ ಬರೆದರು. ಆದರೆ ತಾಯಿಯ ಮುಖವನ್ನು ಒಮ್ಮೆಯೂ ನೋಡಲಿಲ್ಲ. ಈ ಗುಳಿಗೆಯನ್ನು ಸಕ್ಕರೆಯ ಗುಳಿಗೆಯೊಂದಿಗೆ ತೆಗೆದುಕೊಳ್ಳಬಹುದೇ ಎಂದು ಆಕೆ ಕೇಳಿದ್ದಕ್ಕೆ ಬಂದ ಉತ್ತರ: “ಬರದೀನಲ್ಲ, ಓದಿಸ್ಕೋ.” ಪಕ್ಕದಲ್ಲಿದ್ದ ಸಿಬ್ಬಂದಿ ನಕ್ಕರು. ಅಕ್ಷರ ಬಾರದ ನನ್ನ ತಾಯಿ ತಲೆ ತಗ್ಗಿಸಿದರು.

ಮೂರನೆಯ ದಿನ ಪಟ್ಟಿ ಬದಲಿಸಲು ಹೋಗಬೇಕಿತ್ತು. ಆಕೆ ಹೊರಡಲಿಲ್ಲ. ನೋವಿಲ್ಲ ಎಂದರು, ವಾಸಿಯಾಗಿದೆ ಎಂದರು, ಗಾಯವನ್ನು ಸೆರಗಿನಲ್ಲಿ ಮುಚ್ಚಿಟ್ಟರು. ಹನ್ನೆರಡು ದಿನಗಳ ಬಳಿಕ ವಾಸನೆ ಬಂದಾಗ ಹುಬ್ಬಳ್ಳಿಗೆ ಓಡಿದೆವು. ಅಲ್ಲಿ ಬೆರಳನ್ನು ತೆಗೆಯಬೇಕಾಯಿತು. ಏಕೆ ಮುಚ್ಚಿಟ್ಟಿರಿ ಎಂದು ಕೇಳಿದೆ. ಆ ಕಿಟಕಿಯ ಮುಂದೆ ಮತ್ತೆ ನಿಲ್ಲುವುದಕ್ಕಿಂತ ನೋವೇ ಮೇಲೆನಿಸಿತು ಎಂದರು.

ಆದ್ದರಿಂದ, ಸಹೋದರರೇ, ಆಸ್ಪತ್ರೆಯ ಒರಟುತನವು ಕೇವಲ ಶಿಷ್ಟಾಚಾರದ ವಿಷಯವೆಂದು ಯಾರೂ ನನಗೆ ಹೇಳಬಾರದು. ಬರೆದ ಔಷಧಿಯಲ್ಲಿ ತಪ್ಪಿರಲಿಲ್ಲ. ನಾಲಗೆಯಲ್ಲಿ ತಪ್ಪಿತ್ತು. ಅದು ರೋಗಿಯನ್ನು ಚಿಕಿತ್ಸೆಯಿಂದ ಓಡಿಸಿತು.

ಈ ಮಾತನ್ನು ಆಡಿದಾಗಲೆಲ್ಲ ಕೆಲವು ಸಮರ್ಥನೆಗಳು ಸಿದ್ಧವಾಗಿರುತ್ತವೆ. ಒಂದೊಂದಾಗಿ ಪರಿಶೀಲಿಸೋಣ.

ಮೊದಲನೆಯದು, ಕೆಲಸದ ಒತ್ತಡ. ಇದು ಸುಳ್ಳಲ್ಲ. ನಮ್ಮ ಮೂರು ತಾಲೂಕುಗಳಲ್ಲಿ ಕಾಯಿಲೆ ತುಸು ಗಂಭೀರವಾದರೂ ಗದಗಕ್ಕೋ ಹುಬ್ಬಳ್ಳಿಗೋ ಹೋಗಬೇಕು. ಗದಗಿನ ವೈದ್ಯಕೀಯ ಕಾಲೇಜು ಆರಂಭವಾದದ್ದೇ 2015ರಲ್ಲಿ. ಗಜೇಂದ್ರಗಡದ ನೇಕಾರನಿಗೆ ಆ ಪ್ರಯಾಣವೆಂದರೆ ಒಂದು ದಿನದ ಮಗ್ಗ ನಿಂತಂತೆ. ವೈದ್ಯರು ಕಡಿಮೆ, ರೋಗಿಗಳು ಹೆಚ್ಚು ಎಂಬುದನ್ನು ಒಪ್ಪೋಣ. ಆದರೆ “ಏ ಮುದುಕಿ, ಸರಿ” ಎನ್ನಲು ಬೇಕಾದಷ್ಟೇ ಸಮಯ “ಅಮ್ಮಾ, ಕೂಡ್ರಿ” ಎನ್ನಲೂ ಸಾಕು. ಕೊರತೆಯ ಸಿಟ್ಟನ್ನು ಅದಕ್ಕೆ ಹೊಣೆಯಾದ ಸರಕಾರದ ಮೇಲಾಗಲಿ, ಆಡಳಿತ ಮಂಡಳಿಯ ಮೇಲಾಗಲಿ ತೋರಿಸದೆ ಸಾಲಿನಲ್ಲಿ ನಿಂತ ಮುದುಕಿಯ ಮೇಲೆ ತೀರಿಸಿಕೊಳ್ಳುವುದು ಒತ್ತಡವಲ್ಲ, ಹೇಡಿತನ. ಅದೇ ಕಿಟಕಿಗೆ ಊರಿನ ಗಣ್ಯರೊಬ್ಬರು ಬಂದರೆ ಅದೇ ಯುವಕ ಎದ್ದು ನಿಲ್ಲುತ್ತಾನೆ. ಆಗ ಒತ್ತಡ ಎಲ್ಲಿ ಹೋಗುತ್ತದೆ?

ಎರಡನೆಯದು, “ಪುಕ್ಕಟೆ ಚಿಕಿತ್ಸೆಗೆ ಇನ್ನೆಂಥ ಮರ್ಯಾದೆ?” ಪುಕ್ಕಟೆ ಎಂಬುದೇ ಅಸತ್ಯ. ಸರಕಾರಿ ಆಸ್ಪತ್ರೆಯು ತೆರಿಗೆಯ ಹಣದಿಂದ ನಡೆಯುತ್ತದೆ. ಸೋಪು ಕೊಳ್ಳುವ ಕೂಲಿಯವಳೂ ತೆರಿಗೆ ಕಟ್ಟುತ್ತಾಳೆ. ಖಾಸಗಿ ಆಸ್ಪತ್ರೆಯಲ್ಲಂತೂ ಹಣವನ್ನು ಮೊದಲೇ ಎಣಿಸಿ ಪಡೆಯುತ್ತಾರೆ. ಜನರಿಂದ ಪಡೆಯುವಾಗ ತುಂಬಿದ ಅಳತೆಯನ್ನು ಕೇಳಿ, ಕೊಡುವಾಗ ಕಡಿಮೆ ಮಾಡುವವರಿಗೆ ವಿನಾಶವಿದೆಯೆಂದು ಪವಿತ್ರ ಕುರ್‌ಆನಿನ 83ನೇ ಅಧ್ಯಾಯವು ಎಚ್ಚರಿಸುತ್ತದೆ. ತುಂಬಿ ಕೊಡುವುದೂ ಕಡಿತ ಮಾಡುವುದೂ ಪ್ರತಿಯೊಂದು ವಿಷಯದಲ್ಲಿಯೂ ಇದೆ, ಅದು ಕೇವಲ ತಕ್ಕಡಿಯ ಮಾತಲ್ಲ ಎಂಬ ಅರ್ಥದ ವಿವರಣೆ ಇಮಾಮ್ ಮಾಲಿಕರ ಮುವತ್ತಾದಲ್ಲಿದೆ. ಪೂರ್ಣ ಶುಲ್ಕ ಪಡೆದು ಅರೆ ನಿಮಿಷ ನೋಡುವ ವೈದ್ಯನೂ, ಪೂರ್ಣ ಸಂಬಳ ಪಡೆದು ಹನ್ನೊಂದೂವರೆಗೆ ಬರುವವನೂ ಯಾವ ತಕ್ಕಡಿಯನ್ನು ಹಿಡಿದಿದ್ದಾರೆಂದು ತಾವೇ ನೋಡಿಕೊಳ್ಳಲಿ.

ಮೂರನೆಯದು, “ಚಿಕಿತ್ಸೆ ಸರಿಯಿದ್ದರೆ ಸಾಕು, ಮುಖ ಗಂಟಿಕ್ಕಿದರೇನು?” ಇದಕ್ಕೆ 80ನೇ ಅಧ್ಯಾಯವನ್ನು ಓದಿರಿ. ಪ್ರವಾದಿ(ಸ)ರು ಕುರೈಶರ ಮುಖಂಡರೊಡನೆ ಗಹನವಾದ ಮಾತುಕತೆಯಲ್ಲಿದ್ದಾಗ ಅಂಧರಾದ ಇಬ್ನು ಉಮ್ಮಿ ಮಕ್ತೂಮ್(ರ) ಬಂದರು. ಉದ್ದೇಶವು ಸತ್ಯದ ಪ್ರಚಾರವೇ ಆಗಿತ್ತು. ಆದರೂ ಹುಬ್ಬು ಗಂಟಿಕ್ಕಿದ ಆ ಒಂದು ಕ್ಷಣವನ್ನು ಅಲ್ಲಾಹನು ತಿದ್ದಿದನು. ಬಂದವರು ಅಂಧರು, ಆ ಮುಖವನ್ನು ಅವರು ಕಂಡೇ ಇರಲಿಲ್ಲ. ಕಾಣದವರ ಮುಂದೆ ಗಂಟಿಕ್ಕಿದ ಹುಬ್ಬಿನ ವಿಷಯದಲ್ಲಿಯೇ ವಚನಗಳು ಅವತೀರ್ಣಗೊಂಡಿರುವಾಗ, ಕಣ್ಣಿದ್ದು ಕಾಣುವ ರೋಗಿಯ ಮುಂದೆ ದಿನವೂ ಮುಖ ಕಿವುಚುವವರ ಲೆಕ್ಕ ಹೇಗಿರಬಹುದು?

ನಾಲ್ಕನೆಯ ಸಮರ್ಥನೆ ನಮ್ಮದೇ. “ಸಬರ್ ಮಾಡಿ, ತಕ್ದೀರಿನಲ್ಲಿದ್ದದ್ದು ಆಗುತ್ತದೆ.” ಅಂದು ಸಾಲಿನಲ್ಲಿ ನಿಂತು ನಾನೂ ಇದನ್ನೇ ತಾಯಿಗೆ ಪಿಸುಗುಟ್ಟಿದೆ. ಮದರಸಾದಲ್ಲಿ ಇಪ್ಪತ್ತು ವರ್ಷ ಸಬರಿನ ಪಾಠ ಹೇಳಿದ ನಾನು ಅಂದು ಸಬರಿನ ಹೆಸರಿನಲ್ಲಿ ಹೆದರಿಕೆಯನ್ನು ಬಚ್ಚಿಟ್ಟುಕೊಂಡಿದ್ದೆ. ರೋಗ ಬಂದಾಗ ಸಹಿಸುವುದು ಸಬರ್. ಕಣ್ಣೆದುರಿನ ಅನ್ಯಾಯವನ್ನು ಕೈಯಿಂದ, ಆಗದಿದ್ದರೆ ನಾಲಗೆಯಿಂದ ತಿದ್ದಬೇಕೆಂದೂ, ಮನಸ್ಸಿನಲ್ಲಿ ಮಾತ್ರ ವಿರೋಧಿಸುವುದು ವಿಶ್ವಾಸದ ಅತ್ಯಂತ ದುರ್ಬಲ ಹಂತವೆಂದೂ ಪ್ರವಾದಿ(ಸ)ರು ಕಲಿಸಿದ್ದಾರೆ. ತಾಯಿಯ ಬೆರಳಿನ ಲೆಕ್ಕದಲ್ಲಿ ನನ್ನ ಮೌನದ ಪಾಲೂ ಇದೆ.

ಕೈಯಿಂದ ತಿದ್ದುವುದೆಂದರೆ ಕೈ ಎತ್ತುವುದಲ್ಲ. ವೈದ್ಯರನ್ನು ಥಳಿಸುವುದು, ಆಸ್ಪತ್ರೆಯ ಗಾಜು ಒಡೆಯುವುದು ಹರಾಮ್; ಕರ್ನಾಟಕದಲ್ಲಿ ಅದಕ್ಕೆಂದೇ 2009ರ ಕಾನೂನಿದೆ. ಕಲ್ಲೆಸೆಯುವವನು ಮುಂದಿನ ರೋಗಿಯ ಚಿಕಿತ್ಸೆಯನ್ನೂ ಕಿತ್ತುಕೊಳ್ಳುತ್ತಾನೆ. ನಮ್ಮ ಕೈಗೆ ಲೇಖನಿಯಿದೆ. ಹಣ ಪಡೆದು ನೀಡುವ ಚಿಕಿತ್ಸೆಯು ಗ್ರಾಹಕ ಕಾಯ್ದೆಯಡಿ ಬರುವ ಸೇವೆಯೆಂದು ಸುಪ್ರೀಂ ಕೋರ್ಟ್ 1995ರಲ್ಲಿಯೇ ತೀರ್ಪಿತ್ತಿದೆ. ಪಾವತಿಸಿದ ಮೊತ್ತ ಐದು ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರಿಗೆ ಶುಲ್ಕವಿಲ್ಲ, ವಕೀಲರೇ ಬೇಕೆಂದಿಲ್ಲ. ಖಾಸಗಿ ಆಸ್ಪತ್ರೆಗಳ ಕುರಿತ ರಾಜ್ಯದ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದಾಗ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದು ನೆನಪಿರಬಹುದು. ಕೊನೆಗೆ ಸಡಿಲಗೊಂಡೇ ಬಂದ ಆ ತಿದ್ದುಪಡಿಯಲ್ಲಿಯೂ ರೋಗಿಗಳ ಹಕ್ಕುಗಳ ಸನ್ನದು ಉಳಿಯಿತು. ಬಾಕಿ ಹಣಕ್ಕಾಗಿ ಮೃತದೇಹವನ್ನು ತಡೆಹಿಡಿಯಬಾರದೆಂಬ ನಿಯಮ ಉಳಿಯಿತು. ದೂರು ಕೇಳಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರ ಉಳಿಯಿತು. ಇವೆಲ್ಲ ಇದ್ದೂ ನಮ್ಮಲ್ಲಿ ಎಷ್ಟು ಮಂದಿ ಒಂದು ಹಾಳೆ ಬರೆದಿದ್ದೇವೆ?

ಇದೇ ನರಗುಂದದ ರೈತರು 1980ರ ಜುಲೈ 21ರಂದು ಮಲಪ್ರಭಾ ಕಾಲುವೆಯ ಅಭಿವೃದ್ಧಿ ಕರದ ಲೆಕ್ಕ ಕೇಳಲು ಬೀದಿಗಿಳಿದು ಗುಂಡೇಟನ್ನು ಎದುರಿಸಿದವರು. ಬಾರದ ನೀರಿಗೆ ಕರವೇಕೆ ಎಂದು ಕೇಳಿದ ನೆಲದಲ್ಲಿ, ಸಿಗದ ಸೇವೆಗೆ ಹಣವೇಕೆ ಎಂದು ಕೇಳಲು ನಮಗೆ ಬಾಯಿಲ್ಲವೇ?

ಇನ್ನೊಂದು ಮಾತು ನಮ್ಮವರಿಗೇ. ಕೈರೋದಲ್ಲಿ ಸುಲ್ತಾನ್ ಕಲಾವೂನ್ 1284ರಲ್ಲಿ ಕಟ್ಟಿಸಿದ ಆಸ್ಪತ್ರೆಯ ಬಾಗಿಲು ಬಡವ-ಬಲ್ಲಿದ, ಹೆಣ್ಣು-ಗಂಡೆಂಬ ಭೇದವಿಲ್ಲದೆ ತೆರೆದಿತ್ತು, ಅದರ ವೆಚ್ಚವನ್ನು ವಕ್ಫ್ ಭರಿಸುತ್ತಿತ್ತು ಎಂದು ವೇದಿಕೆಗಳಲ್ಲಿ ಹೆಮ್ಮೆಪಡುತ್ತೇವೆ. ಮದೀನಾದ ಮಸೀದಿಯಲ್ಲಿ ಗಾಯಾಳುಗಳಿಗಾಗಿ ಡೇರೆ ಹಾಕಿದ ರುಫೈದಾ(ರ)ರ ಹೆಸರನ್ನು ಹೆಣ್ಣುಮಕ್ಕಳಿಗೆ ಕಲಿಸುತ್ತೇವೆ. ಆದರೆ ನಮ್ಮವರೇ ನಡೆಸುವ ಔಷಧಿ ಅಂಗಡಿಯಲ್ಲಿ, ಲ್ಯಾಬಿನಲ್ಲಿ, ಕ್ಲಿನಿಕ್ಕಿನಲ್ಲಿ ಗ್ರಾಹಕರನ್ನು ಹೇಗೆ ಮಾತನಾಡಿಸುತ್ತೇವೆ? ಗೋಡೆಯ ಮೇಲೆ ಆಯತುಲ್ ಕುರ್ಸಿಯ ಚೌಕಟ್ಟು, ಗಲ್ಲಾಪೆಟ್ಟಿಗೆಯ ಹಿಂದೆ ಗಂಟು ಮುಖ. ಸಹೋದರನೆದುರು ನಸುನಗುವುದೂ ದಾನವೆಂದು ಕಲಿತ ಸಮುದಾಯವಿದು.

ಮಸೀದಿ ಸಮಿತಿಗಳು ಒಂದು ಕೆಲಸ ಮಾಡಲಿ. ಫಜ್ರ್ ನಮಾಜಿನ ಬಳಿಕ ಇಬ್ಬರು ವಿದ್ಯಾವಂತ ಯುವಕರು ಸರದಿಯಂತೆ ಆಸ್ಪತ್ರೆಗೆ ಹೋಗಿ ಅಕ್ಷರ ಬಾರದ ರೋಗಿಗಳ ಜೊತೆ, ಅವರು ಯಾವ ಜಾತಿ-ಧರ್ಮದವರೇ ಆಗಿರಲಿ, ನಿಲ್ಲಲಿ. ಚೀಟಿ ಓದಿ ಹೇಳಲಿ, ಅನ್ಯಾಯವಾದರೆ ದೂರು ಬರೆದುಕೊಡಲಿ, ಒಳ್ಳೆಯ ವೈದ್ಯರಿಗೆ ಜುಮಾ ದಿನ ಹೆಸರು ಹೇಳಿ ಕೃತಜ್ಞತೆ ಸಲ್ಲಿಸಲಿ. ಸರಕಾರಿ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ಯಾರು ಕುಳಿತಿದ್ದಾರೆ, ಏನು ಮಾತನಾಡುತ್ತಾರೆ ಎಂದು ವಿಚಾರಿಸಲಿ.

ನಾನು ರೋಗಿಯಾಗಿದ್ದೆ, ನೀನು ನನ್ನನ್ನು ಸಂದರ್ಶಿಸಲಿಲ್ಲವೆಂದು ಅಂತ್ಯದಿನದಂದು ಅಲ್ಲಾಹನು ದಾಸನನ್ನು ಪ್ರಶ್ನಿಸುವನೆಂಬ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಸರ್ವಲೋಕಗಳ ಪ್ರಭುವನ್ನು ನಾನು ಸಂದರ್ಶಿಸುವುದೆಂತು ಎಂದು ದಾಸನು ಬೆರಗಾದಾಗ, ನನ್ನ ಇಂಥ ದಾಸನು ರೋಗಿಯಾಗಿದ್ದನಲ್ಲ, ಅವನ ಬಳಿ ನನ್ನನ್ನು ಕಾಣುತ್ತಿದ್ದೆ ಎಂಬ ಉತ್ತರ ಬರುವುದಂತೆ. ಇಲ್ಲಿ ಪ್ರಶ್ನೆಗೊಳಗಾದವನು ರೋಗಿಯ ಬಳಿಗೆ ಹೋಗದವನು. ರೋಗಿಯೇ ನಡೆದು ತನ್ನ ಬಳಿಗೆ ಬಂದಾಗ “ಆಕಡೆ ಸರಿ” ಎಂದವನು ಏನು ಉತ್ತರಿಸುವನು? ಪಕ್ಕದಲ್ಲಿ ನಿಂತು ಸುಮ್ಮನಿದ್ದ ನಾನು ಏನು ಉತ್ತರಿಸಲಿ?

ರೋಗಿಗಳಿಗೆ ಅಲ್ಲಾಹನು ಶಿಫಾ ನೀಡಲಿ, ಅವರ ಸೇವೆಯಲ್ಲಿರುವವರಿಗೆ ಕರುಣೆಯನ್ನೂ, ನಮಗೆಲ್ಲರಿಗೂ ಮಾತನಾಡುವ ಧೈರ್ಯವನ್ನೂ ಕರುಣಿಸಲಿ. ಆಮೀನ್.