ಹೆಸರು ಕೇಳದ ವ್ಯಾಪಾರದ ಬೆಲೆ

ನನ್ನ ತಂಗಿಯ ಮಗ ಬೆಂಗಳೂರಿನ ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ ಉದ್ಯೋಗಿ. ಕಳೆದ ಶ್ರಾವಣದ ಒಂದು ಸಂಜೆ ಮುಖ ಬಾಡಿಸಿಕೊಂಡು ನಮ್ಮ ಮನೆಗೆ ಬಂದ. ಸಂಬಳ ಜಮೆಯಾಗುವ ಅವನ ಬ್ಯಾಂಕ್ ಖಾತೆಯನ್ನು ಅಂದು ಬೆಳಿಗ್ಗೆ ಸ್ಥಗಿತಗೊಳಿಸಲಾಗಿತ್ತು. ಹೊರರಾಜ್ಯದ ಸೈಬರ್ ಅಪರಾಧ ಠಾಣೆಯೊಂದರಿಂದ ಸೂಚನೆ ಬಂದಿದೆ ಎಂಬುದರ ಹೊರತು ಬ್ಯಾಂಕಿನವರಿಗೂ ಹೆಚ್ಚೇನೂ ಗೊತ್ತಿರಲಿಲ್ಲ. ಮಗಳ ಶಾಲಾ ಶುಲ್ಕ, ಮನೆ ಸಾಲದ ಕಂತು, ಹಾಲಿನವನ ಲೆಕ್ಕ, ಎಲ್ಲವೂ ನಡೆಯಬೇಕಾದದ್ದು ಆ ಒಂದೇ ಖಾತೆಯಿಂದ.

ವಿಚಾರಿಸಿದಾಗ ತಿಳಿದದ್ದು ಇಷ್ಟು. ಕೆಲವು ವರ್ಷಗಳ ಹಿಂದೆ ಅವನು ಗೆಳೆಯನ ಗೆಳೆಯನೊಬ್ಬನಿಗೆ ನಗದು ಕೊಟ್ಟು ಸ್ವಲ್ಪ ಬಿಟ್‌ಕಾಯಿನ್ ಕೊಂಡಿದ್ದ. ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಒಬ್ಬರ ಫೋನಿನಿಂದ ಇನ್ನೊಬ್ಬರ ಫೋನಿಗೆ ವರ್ಗಾಯಿಸಿದ ವ್ಯವಹಾರ. ಹೆಸರಿಲ್ಲ, ಪ್ಯಾನ್ ಇಲ್ಲ, ರಸೀದಿಯಂತೂ ಇಲ್ಲವೇ ಇಲ್ಲ. ಮುಂದೆ ಬೆಲೆ ಏರಿತು. ಒಂದು ಭಾಗವನ್ನು ಮಾರೋಣವೆನ್ನಿಸಿತು. ನೋಂದಾಯಿತ ವಿನಿಮಯ ಕೇಂದ್ರಕ್ಕೆ ಹೋದರೆ ಇದು ನಿನಗೆ ಎಲ್ಲಿಂದ ಬಂತು ಎಂದು ಕೇಳಿಯಾರೆಂಬ ಅಳುಕಿನಿಂದ, ಮತ್ತೊಬ್ಬ ಅಪರಿಚಿತನಿಗೇ ಮಾರಿದ. 1 ಲಕ್ಷ 80 ಸಾವಿರ ರೂಪಾಯಿ ಮೂರು ಬೇರೆ ಬೇರೆ ಖಾತೆಗಳಿಂದ ಇವನ ಖಾತೆಗೆ ಬಂತು. ಅದರಲ್ಲಿ 40 ಸಾವಿರ ಯಾರೋ ವೃದ್ಧರೊಬ್ಬರನ್ನು ಫೋನಿನಲ್ಲಿ ಹೆದರಿಸಿ ಕಿತ್ತುಕೊಂಡ ಹಣವಾಗಿತ್ತು.

“ಮಾವ, ನಾನೇನಾದರೂ ಕಳ್ಳತನ ಮಾಡಿದ್ದೇನಾ?” ಎಂದು ಕೇಳಿದ.

“ನೀನು ಮಾಡಿಲ್ಲಪ್ಪ. ಮಾಡಿದವನ ಹೆಸರನ್ನು ಮಾತ್ರ ನೀನು ಕೇಳಲಿಲ್ಲ” ಎಂದೆ.

ಅವನಿಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಅವನಾಡಿದ ಮಾತುಗಳಲ್ಲಿ ಅರ್ಧದಷ್ಟನ್ನಾದರೂ ನಾನು ಒಪ್ಪಲೇಬೇಕಾಯಿತು. ಗುರುತಿನ ದಾಖಲೆ ಕೊಡದೆ ಬಿಟ್‌ಕಾಯಿನ್ ಕೊಳ್ಳುವವರೆಲ್ಲ ಕಪ್ಪುಹಣದವರು, ಮಾದಕ ವಸ್ತುಗಳ ಸಾಗಣೆದಾರರು ಎಂದು ನನ್ನ ವಯಸ್ಸಿನವರು ಸುಲಭವಾಗಿ ತೀರ್ಮಾನಿಸಿಬಿಡುತ್ತೇವೆ. ಅವನ ವಾದ ಬೇರೆಯೇ ಇತ್ತು. ಸಿಮ್ ಕಾರ್ಡಿಗೆ ಆಧಾರ್ ಪ್ರತಿ ಕೊಟ್ಟಾಯಿತು, ಬಾಡಿಗೆ ಮನೆಗೆ ಕೊಟ್ಟಾಯಿತು, ಹೋಟೆಲಿನ ಕೋಣೆಗೂ ಕೊಟ್ಟಾಯಿತು. ಈಗ ಸಾಲ ಬೇಕೇ ಎಂದು ಫೋನ್ ಮಾಡುವ ಅಪರಿಚಿತರೆಲ್ಲ ನನ್ನ ಪೂರ್ತಿ ಹೆಸರು ಹಿಡಿದೇ ಮಾತನಾಡಿಸುತ್ತಾರೆ. ಇನ್ನೊಂದು ಕಂಪನಿಗೆ ನನ್ನ ಮುಖದ ಚಿತ್ರವನ್ನೂ ಪ್ಯಾನನ್ನೂ ಯಾವ ನಂಬಿಕೆಯ ಮೇಲೆ ಕೊಡಲಿ ಎಂಬುದು ಅವನ ಪ್ರಶ್ನೆ.

ಈ ಭಯ ಕಲ್ಪಿತವಲ್ಲ. ಅಮೆರಿಕದ ಅತಿ ದೊಡ್ಡ ವಿನಿಮಯ ಕೇಂದ್ರವಾದ ಕಾಯಿನ್‌ಬೇಸ್, ತನ್ನ ಗ್ರಾಹಕ ಸೇವಾ ಸಿಬ್ಬಂದಿಯಲ್ಲಿ ಕೆಲವರಿಗೆ ಲಂಚ ಕೊಟ್ಟು ಗ್ರಾಹಕರ ಮಾಹಿತಿಯನ್ನು ಕದಿಯಲಾಗಿದೆ ಎಂದು 2025ರ ಮೇ ತಿಂಗಳಲ್ಲಿ ಒಪ್ಪಿಕೊಂಡಿತು. 69 ಸಾವಿರಕ್ಕೂ ಹೆಚ್ಚು ಮಂದಿಯ ಹೆಸರು, ವಿಳಾಸ, ಗುರುತಿನ ಚೀಟಿಯ ಚಿತ್ರಗಳು ಕಳ್ಳರ ಕೈಸೇರಿದ್ದವು. ಬಿಟ್‌ಕಾಯಿನ್ ಕೀಲಿಗಳನ್ನಿಡುವ ಸಾಧನಗಳನ್ನು ತಯಾರಿಸುವ ಫ್ರಾನ್ಸಿನ ಲೆಡ್ಜರ್ ಸಂಸ್ಥೆಯಿಂದ 2020ರಲ್ಲಿ ಸುಮಾರು 2 ಲಕ್ಷ 70 ಸಾವಿರ ಗ್ರಾಹಕರ ಹೆಸರು, ಮನೆ ವಿಳಾಸ, ದೂರವಾಣಿ ಸಂಖ್ಯೆಗಳು ಸೋರಿಹೋದವು. ಬ್ಯಾಂಕಿನಲ್ಲಿರುವ ಹಣವನ್ನು ದೋಚಬೇಕಾದರೆ ಕಳ್ಳ ಬ್ಯಾಂಕನ್ನೇ ಒಡೆಯಬೇಕು. ಬಿಟ್‌ಕಾಯಿನ್ ಹಾಗಲ್ಲ, ಅದರ ಕೀಲಿ ಇರುವುದು ಒಡೆಯನ ಮನೆಯಲ್ಲಿ, ಕೆಲವೊಮ್ಮೆ ಅವನ ತಲೆಯಲ್ಲಿ. ಅದೇ ಲೆಡ್ಜರ್ ಸಂಸ್ಥೆಯ ಸಹಸಂಸ್ಥಾಪಕರೊಬ್ಬರನ್ನು 2025ರ ಜನವರಿಯಲ್ಲಿ ಮನೆಯಿಂದಲೇ ಅಪಹರಿಸಿ, ಬೆರಳು ಕತ್ತರಿಸಿ, ಒತ್ತೆಹಣ ಕೇಳಲಾಯಿತು. ಯಾರ ಬಳಿ ಎಷ್ಟಿದೆ ಎಂಬ ಪಟ್ಟಿ ದುಷ್ಟರ ಕೈಸೇರಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಖಾಸಗಿತನ ಮೂಲಭೂತ ಹಕ್ಕು ಎಂಬ ತೀರ್ಪನ್ನು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ನೀಡಿತು. ಆ ಮೊಕದ್ದಮೆಗೆ ಹೆಸರು ಕೊಟ್ಟವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. ಹೀಗಿರುವಾಗ, ನನ್ನ ಹೆಸರು ನಿನಗೇಕೆ ಎಂದು ಕೇಳುವ ಯುವಕನನ್ನು ಅನುಮಾನದ ಕಣ್ಣಿನಿಂದಲೇ ನೋಡುವುದು ನ್ಯಾಯವಲ್ಲ.

ಹಾಗೆ ನೋಡಿದರೆ ಹೆಸರು ಕೇಳದೆ ಆಸ್ತಿ ಮಾರುವ ವಿದ್ಯೆಯನ್ನು ನಮ್ಮ ಜನರಿಗೆ ಕಲಿಸಿದ್ದು ಸರ್ಕಾರವೇ. 1981ರಲ್ಲಿ ಕೇಂದ್ರ ಸರ್ಕಾರ ವಿಶೇಷ ಬೇರರ್ ಬಾಂಡುಗಳನ್ನು ಹೊರಡಿಸಿತು. ಮುಖಬೆಲೆ 10 ಸಾವಿರ ರೂಪಾಯಿ, ಹತ್ತು ವರ್ಷಗಳ ಬಳಿಕ 12 ಸಾವಿರ. ಬಡ್ಡಿ ಜುಜುಬಿ, ಆದರೆ ಹಣ ಎಲ್ಲಿಂದ ಬಂತೆಂದು ಯಾರೂ ಕೇಳುವಂತಿರಲಿಲ್ಲ. ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 1986ರಲ್ಲಿ ಇಂದಿರಾ ವಿಕಾಸ ಪತ್ರ ಬಂತು. ಅಂಚೆ ಕಚೇರಿಯ ಕಿಟಕಿಯಲ್ಲಿ ಹಣ ಕೊಟ್ಟರೆ ಪತ್ರ ಕೈಗೆ ಬರುತ್ತಿತ್ತು. ಅದರ ಮೇಲೆ ಕೊಂಡವನ ಹೆಸರಿಲ್ಲ. ಯಾರ ಕೈಯಲ್ಲಿದೆಯೋ ಅವನೇ ಒಡೆಯ. ಆರಂಭದಲ್ಲಿ ಐದು ವರ್ಷಕ್ಕೆ ಹಣ ದುಪ್ಪಟ್ಟಾಗುತ್ತಿತ್ತು.

ಆಗ ನಾನು ಉತ್ತರ ಕರ್ನಾಟಕದ ಒಂದು ಜಿಲ್ಲೆಯಲ್ಲಿ ಕಿರಿಯ ಅಧಿಕಾರಿ. ಅಲ್ಪ ಉಳಿತಾಯದ ಸಂಗ್ರಹದಲ್ಲಿ ಬಹುಪಾಲು ರಾಜ್ಯಕ್ಕೆ ಸಾಲವಾಗಿ ಮರಳುತ್ತಿದ್ದುದರಿಂದ ಪ್ರತಿ ತಾಲೂಕಿಗೂ ಗುರಿ ನಿಗದಿಯಾಗುತ್ತಿತ್ತು. ಮಾರ್ಚ್ ತಿಂಗಳು ಬಂತೆಂದರೆ ಅಡಿಕೆ, ಹತ್ತಿ, ಮೆಣಸಿನಕಾಯಿ ವರ್ತಕರ ಅಂಗಡಿಗಳಿಗೆ ನಾವೇ ಎಡತಾಕುತ್ತಿದ್ದೆವು. ಅವರು ಚೀಲದಿಂದ ನೋಟು ತೆಗೆದುಕೊಡುವಾಗ ಅದು ಲೆಕ್ಕಕ್ಕೆ ಸೇರಿದ್ದೋ ಸೇರದ್ದೋ ಎಂದು ಒಮ್ಮೆಯೂ ಕೇಳಿದವನಲ್ಲ. ಗುರಿ ಮುಟ್ಟಿದ್ದಕ್ಕೆ ಪ್ರಶಂಸಾ ಪತ್ರ ಪಡೆದವರಲ್ಲಿ ನಾನೂ ಒಬ್ಬ.

ಅದೇ ಕಚೇರಿಗೆ ಒಂದು ದಿನ ಹೆಂಗಸೊಬ್ಬರು ಸುಟ್ಟು ಕರಿಯಾದ ತಗಡಿನ ಪೆಟ್ಟಿಗೆ ಹಿಡಿದು ಬಂದರು. ಗಂಡ ತೀರಿಕೊಂಡ ಮೇಲೆ ಬಂದ ಹಣವನ್ನೆಲ್ಲ ವಿಕಾಸ ಪತ್ರದಲ್ಲಿ ತೊಡಗಿಸಿದ್ದರು. ಮನೆಗೆ ಬೆಂಕಿ ಬಿದ್ದು ಪತ್ರಗಳು ಬೂದಿಯಾಗಿದ್ದವು. ಅಂಚೆ ಮಾಸ್ತರರನ್ನು ಕರೆಸಿ ಕೇಳಿದೆ. ಕಳೆದರೂ ಸುಟ್ಟರೂ ಬದಲಿ ಪತ್ರ ಕೊಡಲು ನಿಯಮದಲ್ಲಿ ಅವಕಾಶವಿಲ್ಲವೆಂದು ಅವರು ತಲೆತಗ್ಗಿಸಿ ಹೇಳಿದರು. ಅವರದೇನೂ ತಪ್ಪಿರಲಿಲ್ಲ. ಹೆಸರೇ ಇಲ್ಲದ ಪತ್ರಕ್ಕೆ ಇವರೇ ಒಡೆಯರೆಂದು ಯಾರು ಹೇಳಬೇಕು? ವರ್ತಕನಿಗೆ ಅನುಕೂಲವಾಗಿದ್ದ ಅದೇ ಗುಣ ಈ ತಾಯಿಯನ್ನು ಬರಿಗೈಯಲ್ಲಿ ಕಳಿಸಿತು. 1999ರಲ್ಲಿ ಆ ಯೋಜನೆ ನಿಂತಿತು.

ತೀರ ಇತ್ತೀಚಿನ ಚುನಾವಣಾ ಬಾಂಡಿನ ಮೇಲೂ ಹೆಸರಿರಲಿಲ್ಲ. ಕೊಂಡವನ ವಿವರ ಸ್ಟೇಟ್ ಬ್ಯಾಂಕಿನಲ್ಲಿತ್ತು, ಬರಿಗಣ್ಣಿಗೆ ಕಾಣದ ಸಂಖ್ಯೆಯೊಂದು ಕಾಗದದಲ್ಲಿ ಅಡಗಿತ್ತು; ಮತದಾರನಿಗೆ ಮಾತ್ರ ಏನೂ ಕಾಣುತ್ತಿರಲಿಲ್ಲ. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್ ಅದನ್ನು ಅಸಾಂವಿಧಾನಿಕವೆಂದು ಸಾರಿತು. ಅಂಥ ಬಾಂಡು ಹೊರಡಿಸಿದವರು ಬಿಟ್‌ಕಾಯಿನ್ ಕೊಳ್ಳುವವನಿಗೆ ಪಾರದರ್ಶಕತೆಯ ಪಾಠ ಹೇಳುವಾಗ ಕೇಳುವವನಿಗೆ ನಗು ಬಂದರೆ ಆಶ್ಚರ್ಯವೇನು!

ಇರಲಿ. ನನ್ನ ಸೋದರಳಿಯನ ಅರ್ಧ ವಾದವನ್ನು ಒಪ್ಪಿದೆ ಎಂದೆನಷ್ಟೆ. ಒಪ್ಪದ ಅರ್ಧ ಇದು: ಹೆಸರು ಹೇಳದೆ ಕೊಂಡರೆ ಖಾಸಗಿತನ ದಕ್ಕುತ್ತದೆ ಎಂಬ ಅವನ ನಂಬಿಕೆಯೇ ತಪ್ಪು. ಬಿಟ್‌ಕಾಯಿನ್ ವಿಕಾಸ ಪತ್ರದಂತಲ್ಲ. 2009ರ ಜನವರಿ 3ರಂದು ಅದು ಆರಂಭವಾದಾಗಿನಿಂದ ನಡೆದ ಪ್ರತಿಯೊಂದು ವರ್ಗಾವಣೆಯೂ ಜಗತ್ತಿಗೆಲ್ಲ ತೆರೆದಿಟ್ಟ ಒಂದು ಖಾತೆ ಪುಸ್ತಕದಲ್ಲಿ ದಾಖಲಾಗಿದೆ, ಅದನ್ನು ಅಳಿಸಲು ಯಾರಿಂದಲೂ ಆಗದು. ಅದರಲ್ಲಿ ಹೆಸರಿನ ಬದಲು ಅಕ್ಷರ, ಅಂಕೆಗಳ ಉದ್ದನೆಯ ವಿಳಾಸವಿರುತ್ತದೆ. ಆ ವಿಳಾಸ ಯಾರದೆಂದು ಒಮ್ಮೆ ತಿಳಿದರೆ ಸಾಕು, ಹಿಂದಿನ ವ್ಯವಹಾರಗಳ ಸರಪಳಿಯ ಕೊಂಡಿಗಳೂ ಒಂದೊಂದಾಗಿ ಬಿಚ್ಚಿಕೊಳ್ಳತೊಡಗುತ್ತವೆ. ಬಿಟ್‌ಫಿನೆಕ್ಸ್ ಎಂಬ ವಿನಿಮಯ ಕೇಂದ್ರದಿಂದ 2016ರಲ್ಲಿ 1 ಲಕ್ಷ 19 ಸಾವಿರಕ್ಕೂ ಹೆಚ್ಚು ಬಿಟ್‌ಕಾಯಿನ್ ಕಳುವಾದವು. ಕದ್ದವನು ಅವನ್ನು ನೂರಾರು ದಾರಿಗಳಲ್ಲಿ ಸುತ್ತಾಡಿಸಿದ. ಐದೂವರೆ ವರ್ಷಗಳ ನಂತರ, 2022ರ ಫೆಬ್ರುವರಿಯಲ್ಲಿ, ಅಮೆರಿಕದ ತನಿಖಾಧಿಕಾರಿಗಳು ಆ ಜಾಡನ್ನೇ ಹಿಡಿದು ನ್ಯೂಯಾರ್ಕಿನಲ್ಲಿ ದಂಪತಿಯನ್ನು ಬಂಧಿಸಿದರು. ಸುಮಾರು 94 ಸಾವಿರ ಬಿಟ್‌ಕಾಯಿನ್ ವಶವಾದವು. ಅಷ್ಟು ನುರಿತ ಕಳ್ಳನಿಗೇ ಅಡಗಲು ಆಗಲಿಲ್ಲ.

ಅಡಗಿಕೊಳ್ಳುವುದು ಆಗದಿದ್ದರೆ ಹೋಗಲಿ. ದೊಡ್ಡ ತೊಡಕು ಬೇರೆಡೆ ಇದೆ. ಹಿತ್ತಿಲ ಬಾಗಿಲಿನಿಂದ ಒಳಗೆ ಬಂದವನು ಹಿತ್ತಿಲ ಬಾಗಿಲಿನಿಂದಲೇ ಹೊರಗೆ ಹೋಗಬೇಕಾಗುತ್ತದೆ. ಕೊಳ್ಳುವಾಗ ದಾಖಲೆ ಇಟ್ಟುಕೊಳ್ಳದವನು ಮಾರುವಾಗ ಮುಂಬಾಗಿಲಿಗೆ ಬರಲು ಹೆದರುತ್ತಾನೆ. ಹಿತ್ತಿಲಲ್ಲಿ ಕಾಯುತ್ತಿರುವವರಲ್ಲಿ ನನ್ನ ಅಳಿಯನಂಥ ಸಾಧುಗಳೂ ಇರುತ್ತಾರೆ, ಕದ್ದ ಹಣವನ್ನು ಬೇಗ ಬೇರೊಂದು ರೂಪಕ್ಕೆ ತಿರುಗಿಸಬೇಕಾದ ವಂಚಕರೂ ಇರುತ್ತಾರೆ. ಎರಡನೆಯವರಿಗೆ ಅವಸರ ಹೆಚ್ಚು, ಆದ್ದರಿಂದ ಅವರು ಕೊಡುವ ಬೆಲೆಯೂ ತುಸು ಹೆಚ್ಚು. ಒಳ್ಳೆಯ ಬೆಲೆ ಸಿಕ್ಕಿತೆಂದು ನಮ್ಮವನು ಹಿಗ್ಗಿದ್ದು ಅದಕ್ಕೇ. ಕೆಟ್ಟ ನಾಣ್ಯ ಒಳ್ಳೆಯ ನಾಣ್ಯವನ್ನು ಪೇಟೆಯಿಂದ ಓಡಿಸುತ್ತದೆ ಎಂಬ ಗ್ರೆಶಾಮನ ನಿಯಮವನ್ನು ಎಂ.ಎ. ತರಗತಿಯಲ್ಲಿ ಓದಿದ್ದೆ. ಹೆಸರು ಕೇಳದ ಪೇಟೆಯಲ್ಲಿ ಕೆಟ್ಟ ಗಿರಾಕಿ ಒಳ್ಳೆಯ ಗಿರಾಕಿಯನ್ನು ಓಡಿಸುವುದಕ್ಕಿಂತ ಹೆಚ್ಚಾಗಿ ಅವನನ್ನು ಮುಂದಿಟ್ಟುಕೊಂಡು ತಾನು ಪಾರಾಗುತ್ತಾನೆ.

ಕಾನೂನಿನ ಸ್ಥಿತಿಯನ್ನೂ ಸ್ವಲ್ಪ ನೋಡಬೇಕು. ಬ್ಯಾಂಕುಗಳು ಈ ವ್ಯವಹಾರದಿಂದ ದೂರವಿರಬೇಕೆಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಹೊರಡಿಸಿದ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ರದ್ದುಪಡಿಸಿತು. 2022ರ ಏಪ್ರಿಲ್ 1ರಿಂದ ಲಾಭದ ಮೇಲೆ ಶೇ 30ರ ತೆರಿಗೆ ಬಂತು. 2023ರ ಮಾರ್ಚ್ 7ರ ಅಧಿಸೂಚನೆಯಿಂದ ವಿನಿಮಯ ಕೇಂದ್ರಗಳು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಸೇರಿ, ಗ್ರಾಹಕನ ಗುರುತು ಪರಿಶೀಲಿಸುವುದು ಅವುಗಳ ಕರ್ತವ್ಯವಾಯಿತು. ಈ ಕರ್ತವ್ಯ ಕೇಂದ್ರಗಳದು. ಇಬ್ಬರು ವ್ಯಕ್ತಿಗಳು ತಮ್ಮತಮ್ಮಲ್ಲಿ ಕೊಟ್ಟು ತೆಗೆದುಕೊಳ್ಳುವುದನ್ನು ಯಾವ ಕಾಯ್ದೆಯೂ ನೇರವಾಗಿ ನಿಷೇಧಿಸಿಲ್ಲ. ಆದರೆ ಹೆಚ್ಚಿನವರು ಗಮನಿಸದ ಒಂದು ನಿಯಮ 2022ರ ಜುಲೈ 1ರಿಂದ ಜಾರಿಯಲ್ಲಿದೆ. ಖಾಸಗಿಯಾಗಿ ಕೊಳ್ಳುವಾಗ, ನಿಗದಿತ ಮಿತಿಯನ್ನು ಮೀರಿದರೆ, ಮಾರುವವನಿಗೆ ಕೊಡುವ ಹಣದಲ್ಲಿ ಶೇ 1ರಷ್ಟು ತೆರಿಗೆಯನ್ನು ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕಾದವನು ಕೊಳ್ಳುವವನೇ. ಸಂಬಳದಾರನಿಗೆ ಆ ಮಿತಿ ವರ್ಷಕ್ಕೆ 50 ಸಾವಿರ ರೂಪಾಯಿ. ಕಟ್ಟಬೇಕಾದರೆ ಮಾರುವವನ ಪ್ಯಾನ್ ಗೊತ್ತಿರಬೇಕು. ಅಂದರೆ ಹೆಸರು ಕೇಳುವ ಹೊಣೆಯನ್ನು ಕಾನೂನು ಗಿರಾಕಿಯ ತಲೆಗೇ ಕಟ್ಟಿದೆ. ನನ್ನ ಮಾತು ಕೇಳಿ ಸೋದರಳಿಯ ಬೆಪ್ಪಾದ.

ಹಾಗೆಂದು ಇಂದಿನ ವ್ಯವಸ್ಥೆಯೇ ಸರಿ ಎನ್ನಲಾರೆ. ಚಿಕ್ಕಪೇಟೆಯ ಆಭರಣದಂಗಡಿಯಲ್ಲಿ 2 ಲಕ್ಷ ರೂಪಾಯಿಗಿಂತ ಕಡಿಮೆ ಬೆಲೆಯ ಬಂಗಾರವನ್ನು ಪ್ಯಾನ್ ತೋರಿಸದೆ ಕೊಳ್ಳಬಹುದು. ನೋಂದಾಯಿತ ಕೇಂದ್ರದಲ್ಲಿ 500 ರೂಪಾಯಿಯ ಬಿಟ್‌ಕಾಯಿನ್ ಕೊಳ್ಳಲು ಪ್ಯಾನೂ ಬೇಕು, ಮುಖದ ಚಿತ್ರವೂ ಬೇಕು. ಸಣ್ಣ ಮೊತ್ತದ ಮೊಬೈಲ್ ವಾಲೆಟ್‌ಗಳಿಗೆ ರಿಸರ್ವ್ ಬ್ಯಾಂಕ್ ಕನಿಷ್ಠ ವಿವರ ಸಾಕೆಂದು 10 ಸಾವಿರ ರೂಪಾಯಿಯ ಮಿತಿಯಲ್ಲಿ ಅವಕಾಶ ಕೊಟ್ಟಿದೆ. ಅಂಥದೇ ಮೆಟ್ಟಿಲನ್ನು ಇಲ್ಲೂ ಇಟ್ಟರೆ, ಕುತೂಹಲಕ್ಕೆ ನಾಲ್ಕು ಕಾಸು ಹಾಕುವ ಹುಡುಗರು ಹಿತ್ತಿಲಿಗೆ ಹೋಗುವುದು ತಪ್ಪೀತು. ದೊಡ್ಡ ಮೊತ್ತಕ್ಕೆ ಪೂರ್ಣ ಪರಿಶೀಲನೆ ಇರಲಿ. ಆದರೆ ಪರಿಶೀಲನೆ ಮುಗಿದ ಮೇಲೂ ಗುರುತಿನ ಚೀಟಿಯ ಚಿತ್ರವನ್ನು ಪ್ರತಿಯೊಂದು ಖಾಸಗಿ ಕಂಪನಿ ವರ್ಷಗಟ್ಟಲೆ ಕೂಡಿಡಬೇಕೇ ಎಂಬುದನ್ನು ಮರುಚಿಂತಿಸಬೇಕು. ದತ್ತಾಂಶ ರಕ್ಷಣೆಗೆ 2023ರಲ್ಲಿ ಕಾಯ್ದೆಯೇನೋ ಬಂದಿದೆ. ಸೋರಿಕೆಯಾದಾಗ ವಿಧಿಸುವ ದಂಡ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತದೆ. ಯಾರ ವಿಳಾಸ ಕಳ್ಳನ ಕೈಸೇರಿತೋ ಆ ಮನುಷ್ಯನಿಗೆ ಅದರಿಂದ ಬಿಡಿಗಾಸೂ ಇಲ್ಲ. ಹೆಸರು ಕೊಡು ಎನ್ನುವ ಅಧಿಕಾರ ಸರ್ಕಾರಕ್ಕಿದ್ದರೆ, ಆ ಹೆಸರನ್ನು ಕಾಯದವನಿಂದ ಪರಿಹಾರ ಕೊಡಿಸುವ ಹೊಣೆಯೂ ಅದರದೇ.

ಪೊಲೀಸರ ವಿಷಯ ಇನ್ನೊಂದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 106ನೇ ಸೆಕ್ಷನ್ ಸಂಶಯಾಸ್ಪದ ಸ್ವತ್ತನ್ನು ತಡೆಹಿಡಿಯಲು ಅಧಿಕಾರ ಕೊಡುತ್ತದೆ, ನಿಜ. 40 ಸಾವಿರ ರೂಪಾಯಿಯ ತಕರಾರಿಗೆ ಇಡೀ ಸಂಬಳದ ಖಾತೆಗೆ ಬೀಗ ಹಾಕುವುದು ಮಾತ್ರ ಆ ಅಧಿಕಾರದ ಮಿತಿ ಮೀರಿದ ಬಳಕೆ. ತಡೆ ವಿವಾದಿತ ಮೊತ್ತಕ್ಕಷ್ಟೇ ಸೀಮಿತವಾಗಿರಬೇಕೆಂದು ಕೇರಳ ಹೈಕೋರ್ಟ್ 2023ರಲ್ಲಿ ಹೇಳಿದ್ದನ್ನು ಎಲ್ಲ ರಾಜ್ಯಗಳೂ ಪಾಲಿಸಬೇಕು. ಆದರೆ ಆ 40 ಸಾವಿರ ನಿಜಕ್ಕೂ ಇನ್ನೊಬ್ಬ ಹಿರಿಯರದು. ಅದನ್ನು ಹಿಂದಿರುಗಿಸಬೇಕೆಂದು ಹೇಳಿದಾಗ ಅಳಿಯ ಮೊದಲು ಒಪ್ಪಲಿಲ್ಲ, ನಾನು ಕೊಟ್ಟ ಬಿಟ್‌ಕಾಯಿನ್ ಏನಾಯಿತು ಎಂದ. ಅದನ್ನು ಪಡೆದವನ ಫೋನ್ ಸಂಖ್ಯೆ ಅಷ್ಟರಲ್ಲಿ ಬಂದಾಗಿತ್ತು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂದು ನನ್ನ ತಂಗಿ ಅಡುಗೆ ಮನೆಯಿಂದಲೇ ಗೊಣಗಿದಳು.

ಏಳು ವಾರಗಳ ಅಲೆದಾಟದ ನಂತರ, 40 ಸಾವಿರವನ್ನು ತಡೆಹಿಡಿದು ಉಳಿದ ಖಾತೆಯನ್ನು ಬಿಡುಗಡೆ ಮಾಡಿದರು. ಮೊನ್ನೆ ಅವನು ಆದಾಯ ತೆರಿಗೆ ವಿವರಣ ಪತ್ರದ ನಮೂನೆ ಹಿಡಿದು ಮತ್ತೆ ಬಂದಿದ್ದ. ಮಾರಿದ ಭಾಗವನ್ನು ಅದರಲ್ಲಿ ತೋರಿಸಬೇಕು. ಕೊಂಡ ದಿನಾಂಕ, ಕೊಂಡ ಬೆಲೆ, ಮಾರಿದ ದಿನಾಂಕ, ಮಾರಿದ ಬೆಲೆ ಎಂದು ಅಂಕಣಗಳಿವೆ. ಕೊಂಡ ಬೆಲೆಯೊಂದನ್ನು ಬಿಟ್ಟರೆ ಬೇರೆ ಯಾವ ವೆಚ್ಚವನ್ನೂ ಕಳೆಯಲು ಕಾನೂನು ಬಿಡುವುದಿಲ್ಲ. ದಿನಾಂಕ ಅವನಿಗೆ ನೆನಪಿತ್ತು. ಮಗಳ ನಾಮಕರಣದ ಹಿಂದಿನ ದಿನವಂತೆ. ಎಷ್ಟು ಕೊಟ್ಟಿದ್ದನೆಂಬುದೂ ನೆನಪಿತ್ತು. “ಅದಕ್ಕೆ ಆಧಾರ ಏನಿದೆಯೋ?” ಎಂದು ಕೇಳಿದೆ. ಕಾಫಿ ಲೋಟ ಕೆಳಗಿಟ್ಟು ಸುಮ್ಮನೆ ಕುಳಿತ.