ಗಾಲಿಯ ಧೂಳಿಗೆ ಆಮ್ಲ ತರವಲ್ಲ

ಸೇಡಂ, ವಾಡಿಗಳ ಸಿಮೆಂಟ್ ಹಾಗೂ ಶಹಾಬಾದ್, ಚಿತ್ತಾಪುರಗಳ ಹಾಸುಗಲ್ಲಿನ ವ್ಯಾಪಾರಕ್ಕೆ ಓಡಾಡುವ ಕಾರುಗಳ ಗಾಲಿಗಳಿಗೆ ರಸ್ತೆಯ ಧೂಳಿನೊಡನೆ ಬ್ರೇಕಿನ ಕಪ್ಪು ಧೂಳೂ ಅಂಟುತ್ತದೆ. ಬ್ರೇಕ್ ಪ್ಯಾಡ್ ಮತ್ತು ಬೀಡುಕಬ್ಬಿಣದ ಡಿಸ್ಕ್ ಸವೆದು ಹುಟ್ಟುವ ಈ ಧೂಳಿನಲ್ಲಿ ಕಬ್ಬಿಣದ ಕಣಗಳಿರುವುದರಿಂದ, ತೇವ ತಗುಲಿದೊಡನೆ ತುಕ್ಕು ಹಿಡಿದು ಗಾಲಿಯ ಬಣ್ಣಕ್ಕೆ ಕಚ್ಚಿಕೊಳ್ಳುತ್ತದೆ. ಅದನ್ನು ತೆಗೆಯಲು ಆಮ್ಲ ಸುಲಭವೆಂದು ತೋರಬಹುದು. ಆದರೆ ಆಮ್ಲವು ಅಲ್ಯೂಮಿನಿಯಂ ಗಾಲಿಯನ್ನು ತಿನ್ನುತ್ತದೆ. ಹರಿದು ಬಂದು ಅಂಗಳದ ಶಹಾಬಾದ್ ಕಲ್ಲನ್ನೂ ಕೆಡಿಸುತ್ತದೆ. ಆ ಕಲ್ಲು ಸುಣ್ಣಕಲ್ಲೇ ಆಗಿರುವುದು ಇದಕ್ಕೆ ಕಾರಣ. ಒತ್ತಡದ ಗಾಳಿಯಿಂದ ಊದುವುದೂ ಸಲ್ಲದು; ಧೂಳು ಕೆಲಸಗಾರನ ಶ್ವಾಸಕೋಶವನ್ನು ಸೇರುತ್ತದೆ. ಗಾಲಿ ತಣಿದ ಬಳಿಕ ನೀರು, ಸೌಮ್ಯ ಸಾಬೂನು ಹಾಗೂ ಮೃದುವಾದ ಬ್ರಷ್ಷಿನಿಂದ ವಾರಕ್ಕೊಮ್ಮೆ ತೊಳೆಯುವುದೇ ಮಿತವ್ಯಯದ ಮಾರ್ಗ. ವರ್ತಕರೂ ಗ್ಯಾರೇಜ್ ಮಾಲೀಕರೂ ಇದನ್ನೇ ರೂಢಿಸಿಕೊಳ್ಳುವುದು ಲೇಸು.